ಅಡ್ಡ ಟರ್ಬೊ ಎಂಜಿನ್ನಿಗೆ ಹಿಂಚಕ್ರದ ಚಾಲನೆ: ಒಂದು ಸಮೀಕ್ಷೆ

ಕಾರಿನ ಅಗಲಕ್ಕೆ ಅಡ್ಡಲಾಗಿ ಕೂತ ಟರ್ಬೊ ಎಂಜಿನ್ನನ್ನು ಹಿಂಚಕ್ರ ಚಾಲನೆಗೆ ಒಗ್ಗಿಸುವಾಗ ಎಂಜಿನ್ನಿನ ಒಳಭಾಗವನ್ನು ಮುಟ್ಟಬೇಕಾದ ಸಂದರ್ಭ ಕಡಿಮೆ. ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಸಿಲಿಂಡರ್ ಹೆಡ್ಡುಗಳಿಗೆ ಅಡ್ಡ, ಉದ್ದ ಎಂಬ ಭೇದವಿಲ್ಲ. ಭೇದ ಇರುವುದು ಅವುಗಳ ಸುತ್ತಲಿನ ಗೇರ್‌ಬಾಕ್ಸ್, ಅದನ್ನು ಎಂಜಿನ್ನಿಗೆ ಜೋಡಿಸುವ ಬೆಲ್‌ಹೌಸಿಂಗ್ ಕವಚ, ಆಯಿಲ್ ಸಂಪ್, ಮ್ಯಾನಿಫೋಲ್ಡ್, ನೀರಿನ ಕೊಳವೆ, ಮೌಂಟಿಂಗ್ ಮತ್ತು ವೈರಿಂಗ್‌ಗಳಲ್ಲಿ. ಮುಂಚಕ್ರ ಚಾಲನೆಯ ಕಾರಿನಲ್ಲಿ ಇವೆಲ್ಲ ಇಕ್ಕಟ್ಟಾದ ಜಾಗದಲ್ಲಿ ಅಡಕವಾಗುವಂತೆ ರೂಪುಗೊಂಡಿರುತ್ತವೆ. ಎಂಜಿನ್ನನ್ನು 90 ಡಿಗ್ರಿ ತಿರುಗಿಸಿದ ಕೂಡಲೇ ಒಂದೊಂದೂ ಇರಬಾರದ ಜಾಗಕ್ಕೆ ಬಂದು ನಿಲ್ಲುತ್ತದೆ. ಈ ಸುತ್ತಲಿನ ಭಾಗಗಳನ್ನು ಎಷ್ಟು ಶ್ರದ್ಧೆಯಿಂದ ಮತ್ತೆ ಕಟ್ಟಲಾಗಿದೆ ಎಂಬುದರ ಮೇಲೆ ಇಡೀ ಪರಿವರ್ತನೆಯ ಯಶಸ್ಸು ನಿಂತಿದೆ.

ಇಂಥ ಪರಿವರ್ತನೆಗೆ ಬೇಡಿಕೆ ಹುಟ್ಟಲು ಕಾರಣ ಸರಳ. 1980ರ ದಶಕದ ಹೊತ್ತಿಗೆ ಸಾಮಾನ್ಯ ಕಾರುಗಳು ಮುಂಚಕ್ರ ಚಾಲನೆಗೆ ಹೊರಳಿದವು. ಆಮೇಲೆ ಬಂದ ಒಳ್ಳೆಯ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ನುಗಳಲ್ಲಿ ಹೆಚ್ಚಿನವು ಅಡ್ಡಲಾಗಿ ಕೂರುವಂಥವೇ. ಅವು ಹಗುರ, ಗಟ್ಟಿ, ಹಳೆಯ ಕಾರುಗಳಿಂದ ಅಗ್ಗಕ್ಕೂ ಸಿಗುತ್ತವೆ. ಆದರೆ ಮುಂಚಕ್ರ ಚಾಲನೆಯಲ್ಲಿ ಅವುಗಳ ಪೂರ್ಣ ಶಕ್ತಿ ರಸ್ತೆಗೆ ಇಳಿಯುವುದಿಲ್ಲ. ವೇಗ ಏರಿಸುವಾಗ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ಟರ್ಬೊದ ಟಾರ್ಕ್ ಉಕ್ಕಿ ಬರುವ ಗಳಿಗೆಯಲ್ಲೇ ಮುಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ. ಹಿಂಚಕ್ರ ಚಾಲನೆಯಲ್ಲಿ ಅದೇ ಭಾರ ಶಕ್ತಿ ಪಡೆಯುವ ಟೈರುಗಳ ಮೇಲೆ ಬೀಳುತ್ತದೆ, ಮುಂದಿನ ಟೈರುಗಳಿಗೆ ತಿರುವಿನ ಕೆಲಸ ಮಾತ್ರ ಉಳಿಯುತ್ತದೆ. ರೇಸ್, ಡ್ರಿಫ್ಟ್ ಮತ್ತು ಹಳೆಯ ಹಗುರ ಕಾರುಗಳಿಗೆ ಹೊಸ ಜೀವ ಕೊಡುವವರು ಈ ದಾರಿ ಹಿಡಿಯುವುದು ಇದಕ್ಕಾಗಿ.

ಎಂಜಿನ್ ಅಡ್ಡಲಾದ ಬಗೆ

ಅಡ್ಡ ಎಂಜಿನ್ನನ್ನು ಜನಪ್ರಿಯಗೊಳಿಸಿದ ಕಾರು 1959ರ ಮಿನಿ. ಅದರ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಬಳಸಿದ ಎ-ಸೀರೀಸ್ ಎಂಜಿನ್ ಅದಕ್ಕಾಗಿ ಹುಟ್ಟಿದ್ದಲ್ಲ. 1951ರ ಆಸ್ಟಿನ್ ಎ30 ಕಾರಿನಲ್ಲಿ ಅದು ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ನಡೆಸುತ್ತಿತ್ತು. ಮಿನಿಯಲ್ಲಿ ಅದನ್ನು ಅಡ್ಡ ತಿರುಗಿಸಿ ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೆ, ಸಂಪ್ ಒಳಗೇ ಇಡಲಾಯಿತು. 1964ರ ಆಟೋಬಿಯಾಂಕಿ ಪ್ರಿಮುಲಾ ಮತ್ತು 1969ರ ಫಿಯಟ್ 128 ಕಾರುಗಳಲ್ಲಿ ದಾಂತೆ ಜಿಯಾಕೋಸಾ ಗೇರ್‌ಬಾಕ್ಸನ್ನು ಎಂಜಿನ್ನಿನ ತುದಿಗೆ ಜೋಡಿಸಿ, ಎಡಬಲಕ್ಕೆ ಬೇರೆ ಬೇರೆ ಉದ್ದದ ಡ್ರೈವ್‌ಶಾಫ್ಟ್‌ಗಳನ್ನು ಬಳಸಿದರು. ಇಂದಿನ ಮುಂಚಕ್ರ ಚಾಲನೆಯ ಕಾರುಗಳೆಲ್ಲ ಹೆಚ್ಚುಕಡಿಮೆ ಈ ಎರಡನೆಯ ಮಾದರಿಯವು. ಎಂಜಿನ್ನಿನ ದಿಕ್ಕು ಬದಲಿಸುವುದು ಹೀಗೆ ಕಾರ್ಖಾನೆಗಳಿಂದಲೇ ಆರಂಭವಾದ ಕೆಲಸ. ಹವ್ಯಾಸಿಗಳು ಮಾಡುವುದು ಅದರ ಹಿಮ್ಮುಖ ಪ್ರಯಾಣ.

ಸ್ವೀಡನ್ನಿನ ಸಾಬ್ ಎಂಜಿನ್ನಿನ ಕಥೆ ಒಂದು ಎಚ್ಚರಿಕೆ ಕೊಡುತ್ತದೆ. ಸಾಬ್ 99 ಮತ್ತು 900 ಕಾರುಗಳಲ್ಲಿ ಎಂಜಿನ್ ಉದ್ದಕ್ಕೇ ಕೂತಿತ್ತು, ಆದರೆ ಹಿಂದುಮುಂದಾಗಿ. ಕ್ಲಚ್ ರೇಡಿಯೇಟರಿನ ಕಡೆಗಿತ್ತು, ಗೇರ್‌ಬಾಕ್ಸ್ ಎಂಜಿನ್ನಿನ ಅಡಿಯಲ್ಲಿತ್ತು, ಅದು ನಡೆಸುತ್ತಿದ್ದುದು ಮುಂದಿನ ಚಕ್ರಗಳನ್ನೇ. 1984ರ ಸಾಬ್ 9000 ಬಂದಾಗ ಅದೇ ವಂಶದ 16 ವಾಲ್ವಿನ ಟರ್ಬೊ ಎಂಜಿನ್ ಅಡ್ಡಕ್ಕೆ ಹೊರಳಿತು. ಹೀಗಾಗಿ ಈ ವಂಶದಲ್ಲಿ ಉದ್ದ ಎಂಜಿನ್ ಇದ್ದರೂ ಹಿಂಚಕ್ರ ಚಾಲನೆಗೆ ಬೇಕಾದ ಬೆಲ್‌ಹೌಸಿಂಗ್ ಸಾಬ್ ಕಾರ್ಖಾನೆಯಿಂದ ಎಂದೂ ಬರಲಿಲ್ಲ. ಗಟ್ಟಿತನಕ್ಕೆ ಹೆಸರಾದ ಇದರ 2.3 ಲೀಟರ್ ಟರ್ಬೊವನ್ನು ಹಿಂಚಕ್ರದ ಕಾರಿಗೆ ಕೂರಿಸುವವರು ಅಡಾಪ್ಟರ್ ಫಲಕವನ್ನೋ ಬೇರೆ ಬೆಲ್‌ಹೌಸಿಂಗನ್ನೋ ಹೊಂದಿಸಿಕೊಳ್ಳಲೇಬೇಕು. ಉದ್ದಕ್ಕೆ ಕೂತ ಇತಿಹಾಸ ಇದ್ದರೆ ಸಾಲದು, ಹಿಂದಿನ ಚಕ್ರವನ್ನು ನಡೆಸಿದ ಇತಿಹಾಸ ಇರಬೇಕು.

ಕಾರ್ಖಾನೆಯ ಅವಳಿಗಳು

ಪರಿವರ್ತನೆ ಯೋಚಿಸುವವರು ಮೊದಲು ಹುಡುಕಬೇಕಾದದ್ದು ತಮ್ಮ ಎಂಜಿನ್ನಿಗೆ ಹಿಂಚಕ್ರದ ಕಾರಿನಲ್ಲಿ ಅವಳಿ ಇದೆಯೇ ಎಂಬುದನ್ನು. ಇದ್ದರೆ ಸಂಪ್, ಬೆಲ್‌ಹೌಸಿಂಗ್, ಮೌಂಟಿಂಗ್ ಕೈಗಳು, ಇನ್‌ಟೇಕ್ ಮ್ಯಾನಿಫೋಲ್ಡ್ ಎಲ್ಲವೂ ಅಂಗಡಿಯಲ್ಲೇ ಸಿಗಬಹುದು. ತಿಂಗಳುಗಟ್ಟಲೆ ಲೇತ್ ಕೆಲಸ ತಪ್ಪುತ್ತದೆ.

ಮಿತ್ಸುಬಿಷಿಯ 4ಜಿ63 ಎಂಜಿನ್ 1992ರಿಂದ ಲ್ಯಾನ್ಸರ್ ಇವಲ್ಯೂಷನ್ ಕಾರುಗಳಲ್ಲಿ ಅಡ್ಡಲಾಗಿ ಕೂತು ಹೆಸರು ಮಾಡಿತು. ಆದರೆ ಅದಕ್ಕೂ ಹಿಂದೆ, 1980ರ ದಶಕದ ಆರಂಭದಲ್ಲಿ, ಇದೇ ವಂಶದ ಟರ್ಬೊ ಎಂಜಿನ್ ಹಿಂಚಕ್ರ ಚಾಲನೆಯ ಲ್ಯಾನ್ಸರ್ ಇಎಕ್ಸ್ 2000 ಟರ್ಬೊ ಮತ್ತು ಸ್ಟೇರಿಯನ್ ಕಾರುಗಳಲ್ಲಿತ್ತು. ಟೊಯೊಟಾದ 3ಎಸ್-ಜಿಟಿಇ ಟರ್ಬೊ ಸೆಲಿಕಾ ಜಿಟಿ-ಫೋರ್ ಕಾರಿನಲ್ಲಿ ಅಡ್ಡಲಾಗಿದ್ದರೆ, ಅದೇ ವಂಶದ ಟರ್ಬೊರಹಿತ 3ಎಸ್-ಜಿಇ 1998ರ ಆಲ್ಟೆಝಾದಲ್ಲಿ ಉದ್ದಕ್ಕೆ ಕೂತು, ಆರು ಗೇರಿನ ಪೆಟ್ಟಿಗೆಯ ಮೂಲಕ ಹಿಂಚಕ್ರ ನಡೆಸಿತು. ಜನರಲ್ ಮೋಟಾರ್ಸ್‌ನ 2 ಲೀಟರ್ ಇಕೋಟೆಕ್ ಟರ್ಬೊ 2007ರ ಪಾಂಟಿಯಾಕ್ ಸಾಲ್‌ಸ್ಟಿಸ್ ಜಿಎಕ್ಸ್‌ಪಿಯಲ್ಲಿ ಉದ್ದಕ್ಕೂ 2008ರ ಶೆವ್ರೊಲೆ ಕೊಬಾಲ್ಟ್ ಎಸ್‌ಎಸ್‌ನಲ್ಲಿ ಅಡ್ಡಕ್ಕೂ ಬಂತು; ಎರಡರಲ್ಲೂ ಶಕ್ತಿ 260 ಅಶ್ವಶಕ್ತಿ. ಫೋರ್ಡ್‌ನ 2.3 ಲೀಟರ್ ಇಕೋಬೂಸ್ಟ್ ಮಸ್ಟಾಂಗ್‌ನಲ್ಲಿ ಉದ್ದಕ್ಕಿದ್ದರೆ ಫೋಕಸ್ ಆರ್‌ಎಸ್‌ನಲ್ಲಿ ಅಡ್ಡಕ್ಕಿದೆ. ಬಿಎಂಡಬ್ಲ್ಯೂನ ಬಿ48 ಮಿನಿಯಲ್ಲಿ ಅಡ್ಡ, 3 ಸೀರೀಸ್‌ನಲ್ಲಿ ಉದ್ದ.

ಚಿಕ್ಕ ಎಂಜಿನ್ನುಗಳಲ್ಲಿ ಸುಜುಕಿಯ ಉದಾಹರಣೆ ಸೊಗಸಾದದ್ದು. 660 ಸಿಸಿಯೊಳಗಿನ ಎಫ್6ಎ ಟರ್ಬೊ ಆಲ್ಟೊ ವರ್ಕ್ಸ್‌ನಲ್ಲಿ ಅಡ್ಡಲಾಗಿತ್ತು. 1991ರ ಕ್ಯಾಪುಚಿನೊ ಎಂಬ ಪುಟ್ಟ ಎರಡಾಸನದ ಕಾರಿನಲ್ಲಿ ಉದ್ದಕ್ಕೆ ಕೂತು ಹಿಂಚಕ್ರ ನಡೆಸಿತು. ಅದರ ಮುಂದಿನ ತಲೆಮಾರಿನ ಕೆ6ಎ ಟರ್ಬೊವನ್ನು ಬ್ರಿಟನ್ನಿನ ಕೇಟರ್‌ಹ್ಯಾಮ್ ಸಂಸ್ಥೆ 2013ರಲ್ಲಿ ತನ್ನ ಸೆವೆನ್ 160 ಕಾರಿಗೆ ಹಿಂಚಕ್ರ ಚಾಲನೆಯಲ್ಲಿ ಬಳಸಿತು.

ಭಾರತದ ಓದುಗರಿಗೆ ಹತ್ತಿರದ ಉದಾಹರಣೆಗಳೂ ಇವೆ. ಮಾರುತಿ 800 ಕಾರಿನ 796 ಸಿಸಿ ಮೂರು ಸಿಲಿಂಡರ್ ಎಫ್8ಬಿ ಎಂಜಿನ್ ಅಡ್ಡಲಾಗಿ ಕೂತು ಮುಂಚಕ್ರ ನಡೆಸುತ್ತಿತ್ತು. ಅದೇ ಎಂಜಿನ್ ಓಮ್ನಿ ವ್ಯಾನಿನ ಮುಂದಿನ ಸೀಟಿನಡಿ ಉದ್ದಕ್ಕೆ ಕೂತು ಹಿಂಚಕ್ರ ನಡೆಸುತ್ತಿತ್ತು. ಮಹೀಂದ್ರದ 2 ಲೀಟರ್ ಎಂಸ್ಟಾಲಿಯನ್ ಟರ್ಬೊ ಪೆಟ್ರೋಲ್ ಎಂಜಿನ್ 2020ರ ಥಾರ್‌ನಲ್ಲೂ 2022ರ ಸ್ಕಾರ್ಪಿಯೊ-ಎನ್‌ನಲ್ಲೂ ಉದ್ದಕ್ಕಿದೆ, 2021ರ ಎಕ್ಸ್‌ಯುವಿ700ನಲ್ಲಿ ಅಡ್ಡಕ್ಕಿದೆ. ಅದೇ ಸಂಸ್ಥೆಯ ಎಂಹಾಕ್ ಡೀಸೆಲ್ ಸ್ಕಾರ್ಪಿಯೊದಲ್ಲಿ ಉದ್ದಕ್ಕಿದ್ದದ್ದು 2011ರ ಎಕ್ಸ್‌ಯುವಿ500ನಲ್ಲಿ ಅಡ್ಡಕ್ಕೆ ಬಂತು.

ಅವಳಿಗಳು ಎಂದ ಮಾತ್ರಕ್ಕೆ ಎಲ್ಲ ಭಾಗಗಳೂ ಅದಲುಬದಲಾಗುತ್ತವೆ ಎಂದಲ್ಲ. ಬ್ಲಾಕಿನ ಎರಕದಲ್ಲಿ ಮೌಂಟಿಂಗ್ ತೂತುಗಳು, ಆಯಿಲ್ ಫಿಲ್ಟರಿನ ಜಾಗ, ಟರ್ಬೊದ ಗಾತ್ರ, ಹೆಡ್ಡಿನ ನೀರಿನ ದಾರಿ ಬೇರೆಯಾಗಿರಬಹುದು. ಭಾಗದ ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿದ ಮೇಲೆಯೇ ಖರೀದಿಗೆ ಇಳಿಯಬೇಕು.

ಮೂರು ದಾರಿಗಳು

ಮೊದಲನೆಯ ದಾರಿ ಎಂಜಿನ್ನನ್ನು ಮುಂದೆಯೇ ಇಟ್ಟು, 90 ಡಿಗ್ರಿ ತಿರುಗಿಸಿ, ಹಿಂಚಕ್ರದ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಮತ್ತು ಹಿಂದಿನ ಆಕ್ಸಲ್ ಜೋಡಿಸುವುದು. ಈ ಲೇಖನದ ಮುಖ್ಯ ವಿಷಯ ಇದೇ.

ಎರಡನೆಯದು ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರನ್ನೂ ಬಿಡಿಸದೆ, ಅಡ್ಡಲಾಗಿಯೇ ಸೀಟಿನ ಹಿಂದಕ್ಕೆ ಸಾಗಿಸುವುದು. ಬೆಲ್‌ಹೌಸಿಂಗ್ ಸಮಸ್ಯೆ ಇಲ್ಲಿ ಹುಟ್ಟುವುದೇ ಇಲ್ಲ. ಫಿಯಟ್ 128ರ ಯಂತ್ರವನ್ನು 1972ರ ಎಕ್ಸ್1/9ರಲ್ಲಿ ಹೀಗೇ ಬಳಸಲಾಯಿತು. ಟರ್ಬೊ ಎಂಜಿನ್ನುಗಳಲ್ಲಿ 1989ರ ಟೊಯೊಟಾ ಎಂಆರ್2, 2013ರ ಆಲ್ಫಾ ರೋಮಿಯೊ 4ಸಿ, 2017ರ ಆಲ್ಪೀನ್ ಎ110 ಇದೇ ದಾರಿಯವು. ಇಲ್ಲಿ ಕಷ್ಟವಿರುವುದು ಬೇರೆ ಕಡೆ: ಹಿಂಬದಿಗೆ ಹೊಸ ಸಬ್‌ಫ್ರೇಮ್, ಸ್ಟೀರಿಂಗ್ ರಾಡುಗಳ ಜಾಗಕ್ಕೆ ಸ್ಥಿರ ಕಡ್ಡಿಗಳು, ಉದ್ದನೆಯ ಗೇರ್ ಕೇಬಲ್, ಮುಂದಿನ ರೇಡಿಯೇಟರಿಗೆ ಹೋಗಿಬರುವ ನೀರಿನ ಕೊಳವೆ ಮತ್ತು ಇಂಟರ್‌ಕೂಲರಿಗೆ ಗಾಳಿ.

ಮೂರನೆಯದು ಲ್ಯಾನ್ಸರ್ ಇವಲ್ಯೂಷನ್ ಅಥವಾ ಸೆಲಿಕಾ ಜಿಟಿ-ಫೋರ್‌ನಂಥ ನಾಲ್ಕು ಚಕ್ರ ಚಾಲನೆಯ ಅಡ್ಡ ಎಂಜಿನ್ ಕಾರುಗಳಿಗೆ ಮಾತ್ರ ಸಾಧ್ಯ. ಎಂಜಿನ್ ಇದ್ದಲ್ಲೇ ಇರುತ್ತದೆ. ಮಧ್ಯದ ಡಿಫರೆನ್ಷಿಯಲ್ಲನ್ನು ಬಿಗಿದು, ಮುಂದಿನ ಡ್ರೈವ್‌ಶಾಫ್ಟ್‌ಗಳನ್ನು ತೆಗೆದು, ಟ್ರಾನ್ಸ್‌ಫರ್ ಪೆಟ್ಟಿಗೆಯ ಮೂಲಕ ಹಿಂದಕ್ಕಷ್ಟೇ ಶಕ್ತಿ ಕಳಿಸಲಾಗುತ್ತದೆ. ಟಾರ್ಕಿನ ಒಂದು ಪಾಲು ಹೊರಲು ಮಾಡಿದ ಓರೆಹಲ್ಲಿನ ಗೇರುಗಳು ಆಗ ಪೂರ್ತಿ ಟಾರ್ಕ್ ಹೊರಬೇಕಾಗುವುದರಿಂದ ಇದಕ್ಕೆ ಮಿತಿ ಇದೆ.

ಗೇರ್‌ಬಾಕ್ಸಿನ ಆಯ್ಕೆ

ಎಂಜಿನ್ ಕೊಂಡು ಆಮೇಲೆ ಗೇರ್‌ಬಾಕ್ಸ್ ಹುಡುಕುವುದು ಸಾಮಾನ್ಯ ಪದ್ಧತಿ. ಸರಿಯಾದ ಕ್ರಮ ಅದರ ತಿರುವುಮುರುವು. ಗೇರ್‌ಬಾಕ್ಸಿನ ಉದ್ದದಿಂದ ಎಂಜಿನ್ ಎಷ್ಟು ಹಿಂದೆ ಕೂರಬಹುದೆಂಬುದು, ಗೇರ್ ಸನ್ನೆಯ ಜಾಗದಿಂದ ನೆಲದಲ್ಲಿ ಕತ್ತರಿಸಬೇಕಾದ ತೂತು, ಅದರ ದಪ್ಪದಿಂದ ಕಾರಿನ ನೆಲದ ನಡುವಿನ ಸುರಂಗದ ಅಗಲ ನಿರ್ಧಾರವಾಗುತ್ತವೆ. ಟಾರ್ಕ್ ತಾಳಿಕೆ ಇವೆಲ್ಲಕ್ಕಿಂತ ಮುಖ್ಯ. ಟರ್ಬೊ ಎಂಜಿನ್ ಕಡಿಮೆ ಸುತ್ತಿನಲ್ಲೇ ಒಮ್ಮೆಲೇ ಟಾರ್ಕ್ ಕೊಡುತ್ತದೆ. ಗೇರಿನ ಹಲ್ಲು ಮುರಿಯುವುದು ಅಶ್ವಶಕ್ತಿಯಿಂದಲ್ಲ, ಈ ಟಾರ್ಕಿನಿಂದ. ಫೋರ್ಡ್ ಸಿಯೆರಾದ ಟೈಪ್ 9 ಹಗುರ, ಚಿಕ್ಕದು. ಸಾಧಾರಣ ಎಂಜಿನ್ನಿಗೆ ಒಪ್ಪುತ್ತದೆ, ಬಲವಾದ ಟರ್ಬೊಗೆ ಸಾಲದು. ನಿಸಾನ್ 350ಝಡ್‌ನ ಆರು ಗೇರಿನ ಪೆಟ್ಟಿಗೆ ಗಟ್ಟಿ, ಆದರೆ ಭಾರ, ಜಾಗವೂ ಹೆಚ್ಚು ಬೇಕು. ಇವೆರಡರ ನಡುವೆ ಬಿಎಂಡಬ್ಲ್ಯೂ, ಟೊಯೊಟಾ, ವೋಲ್ವೊ ಕಾರುಗಳ ಗೇರ್‌ಬಾಕ್ಸುಗಳಿವೆ.

ಗೇರ್ ಅನುಪಾತವನ್ನು ಹಿಂದಿನ ಆಕ್ಸಲಿನ ಅನುಪಾತದೊಡನೆ ಸೇರಿಸಿ ಲೆಕ್ಕ ಹಾಕಬೇಕು. ಸುತ್ತಳತೆ 1.9 ಮೀಟರ್ ಇರುವ ಚಕ್ರ, 3.45 ಅನುಪಾತದ ಆಕ್ಸಲ್, ನೇರ ಗೇರ್, ನಿಮಿಷಕ್ಕೆ 6,000 ಸುತ್ತು ಎಂದಿಟ್ಟುಕೊಂಡರೆ ವೇಗ ಗಂಟೆಗೆ ಸುಮಾರು 198 ಕಿ.ಮೀ. ಆಕ್ಸಲ್ 4.10 ಆದರೆ ಅದು ಸುಮಾರು 167ಕ್ಕೆ ಇಳಿಯುತ್ತದೆ. ಟರ್ಬೊ ಎಂಜಿನ್ನಿಗೆ ಉದ್ದ ಅನುಪಾತವೇ ಹಿತ. ತೀರ ಗಿಡ್ಡವಾದರೆ ಒತ್ತಡ ಏರುವಷ್ಟರಲ್ಲಿ ಗೇರ್ ಬದಲಿಸಬೇಕಾಗುತ್ತದೆ.

ಎಂಜಿನ್ ತಿರುಗುವ ದಿಕ್ಕನ್ನೂ ಆರಂಭದಲ್ಲೇ ಖಚಿತಪಡಿಸಿಕೊಳ್ಳಬೇಕು. ಹೆಚ್ಚಿನ ಎಂಜಿನ್ನುಗಳು ಪುಲ್ಲಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಹೊಂಡಾದ ಹಳೆಯ ಬಿ ಮತ್ತು ಡಿ ಸರಣಿಗಳು ತದ್ವಿರುದ್ಧ. ನಂತರದ ಕೆ ಸರಣಿ ಸಾಮಾನ್ಯ ದಿಕ್ಕಿಗೆ ಬಂತು. ವಿರುದ್ಧ ದಿಕ್ಕಿನ ಎಂಜಿನ್ನಿಗೆ ಸಾಮಾನ್ಯ ಗೇರ್‌ಬಾಕ್ಸ್ ಹಾಕಿದರೆ ಮುಂದಿನ ಗೇರುಗಳೆಲ್ಲ ಕಾರನ್ನು ಹಿಂದಕ್ಕೆ ಓಡಿಸುತ್ತವೆ. ಆಕ್ಸಲನ್ನು ತಲೆಕೆಳಗು ಮಾಡಿ ದಿಕ್ಕು ಸರಿಪಡಿಸಲು ಕೆಲವು ವಿನ್ಯಾಸಗಳಲ್ಲಿ ಮಾತ್ರ ಸಾಧ್ಯ.

ಬೆಲ್‌ಹೌಸಿಂಗ್: ನೂಲಿನಷ್ಟೂ ತಪ್ಪಬಾರದ ಜಾಗ

ಎಂಜಿನ್ನಿನ ಹಿಂಬದಿಯ ಬೋಲ್ಟುಗಳ ವಿನ್ಯಾಸಕ್ಕೂ ಗೇರ್‌ಬಾಕ್ಸಿನ ವಿನ್ಯಾಸಕ್ಕೂ ಹೊಂದಿಕೆ ಇಲ್ಲದಾಗ ಮೂರು ಉಪಾಯಗಳಿವೆ. ದಪ್ಪ ಅಲ್ಯೂಮಿನಿಯಂ ಅಥವಾ ಉಕ್ಕಿನ ಅಡಾಪ್ಟರ್ ಫಲಕವನ್ನು ನಡುವೆ ಕೂರಿಸುವುದು ಒಂದು. ಎರಡು ಬೆಲ್‌ಹೌಸಿಂಗ್‌ಗಳನ್ನು ಕತ್ತರಿಸಿ ಒಂದರ ಮುಖವನ್ನು ಇನ್ನೊಂದರ ಬೆನ್ನಿಗೆ ಬೆಸೆಯುವುದು ಇನ್ನೊಂದು. ಬೆಸುಗೆಯ ಬಿಸಿಗೆ ಅಲ್ಯೂಮಿನಿಯಂ ಸೊಟ್ಟಗಾಗುವುದರಿಂದ ಆಮೇಲೆ ಮುಖವನ್ನು ಮಿಲ್ಲಿಂಗ್ ಯಂತ್ರದಲ್ಲಿ ಸಮ ಮಾಡಲೇಬೇಕು. ಮೂರನೆಯದು ಪೂರ್ತಿ ಹೊಸ ಬೆಲ್‌ಹೌಸಿಂಗ್ ಮಾಡಿಸುವುದು.

ಯಾವ ಉಪಾಯವಾದರೂ ಕ್ರ್ಯಾಂಕ್‌ಶಾಫ್ಟಿನ ಅಕ್ಷ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಅಕ್ಷ ಒಂದೇ ಗೆರೆಯಲ್ಲಿರಬೇಕು. ಅದನ್ನು ಪರೀಕ್ಷಿಸುವ ವಿಧಾನ ಹೀಗೆ. ಗೇರ್‌ಬಾಕ್ಸ್ ಇಲ್ಲದೆ ಬೆಲ್‌ಹೌಸಿಂಗ್ ಒಂದನ್ನೇ ಎಂಜಿನ್ನಿಗೆ ಬಿಗಿಯಲಾಗುತ್ತದೆ. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಗೇರ್‌ಬಾಕ್ಸ್ ಕೂರುವ ದುಂಡು ರಂಧ್ರದ ಒಳಗೋಡೆಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಲಾಗುತ್ತದೆ. ಮುಳ್ಳಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಓದುಗಳ ಅಂತರದ ಅರ್ಧವೇ ನಿಜವಾದ ತಪ್ಪು. ಈ ತಪ್ಪು ಒಂದು ಇಂಚಿನ ಸಾವಿರದಲ್ಲಿ ಐದು ಭಾಗ, ಅಂದರೆ ಸುಮಾರು 0.13 ಮಿ.ಮೀ. ಮೀರಬಾರದು ಎಂಬುದು ಕಸುಬಿನಲ್ಲಿ ಒಪ್ಪಿತವಾದ ಮಿತಿ. ಮೀರಿದರೆ ಅಕ್ಷ ತಪ್ಪಿಸಿ ಕೊರೆದ ಡೊವೆಲ್ ಪಿನ್ನುಗಳಿಂದ ಸರಿಪಡಿಸಲಾಗುತ್ತದೆ. ಮುಖದ ಓರೆಯನ್ನೂ ಹೀಗೆಯೇ ಅಳೆಯಬೇಕು. ಈ ಪರೀಕ್ಷೆ ಬಿಟ್ಟರೆ ಕಾರು ಮೊದಲ ದಿನ ಓಡುತ್ತದೆ; ಆಮೇಲೆ ಗೇರ್ ತಾನಾಗಿ ಕಳಚುವುದು, ಬೇರಿಂಗ್ ಸದ್ದು, ಕ್ಲಚ್ ಫಲಕದ ನಡುಭಾಗ ಬಿರಿಯುವುದು ಒಂದೊಂದಾಗಿ ಶುರುವಾಗುತ್ತವೆ.

ಅಡ್ಡ ಎಂಜಿನ್ನುಗಳಿಗೆ ವಿಶೇಷವಾದ ಇನ್ನೊಂದು ಕೊರತೆ ಪೈಲಟ್ ಬೇರಿಂಗಿನದು. ಹಿಂಚಕ್ರದ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂಭಾಗದ ಪುಟ್ಟ ಬೇರಿಂಗಿನಲ್ಲಿ ಆಧಾರ ಪಡೆಯುತ್ತದೆ. ಮುಂಚಕ್ರದ ಗೇರ್‌ಬಾಕ್ಸುಗಳ ಇನ್‌ಪುಟ್ ಶಾಫ್ಟಿಗೆ ಎರಡು ಬೇರಿಂಗ್‌ಗಳ ಆಧಾರ ಒಳಗೇ ಇರುವುದರಿಂದ ಅನೇಕ ಕ್ರ್ಯಾಂಕುಗಳಲ್ಲಿ ಈ ಬೇರಿಂಗಿಗೆ ತಯಾರಾದ ರಂಧ್ರ ಇರುವುದಿಲ್ಲ. ಲೇತ್‌ನಲ್ಲಿ ಬುಷ್ ಕಡೆದು ಕ್ರ್ಯಾಂಕಿಗೋ ಫ್ಲೈವೀಲಿಗೋ ಕೂರಿಸಬೇಕು. ಫಲಕದ ದಪ್ಪವೂ ಇದರೊಡನೆ ಲೆಕ್ಕಕ್ಕೆ ಬರುತ್ತದೆ: ಶಾಫ್ಟಿನ ತುದಿ ಬೇರಿಂಗನ್ನು ಪೂರ್ತಿ ಹೊಕ್ಕಿರಬೇಕು, ಆದರೆ ಕ್ರ್ಯಾಂಕಿನ ತಳಕ್ಕೆ ತಾಗಬಾರದು. ಕ್ಲಚ್ಚಿನ ಕವಚ ಎಂಜಿನ್ನಿನ ಫ್ಲೈವೀಲಿಗೆ, ನಡುವಿನ ಹಲ್ಲುಗಳು ಹೊಸ ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಸ್ಟಾರ್ಟರ್ ಮೋಟಾರಿನದೂ ಇದೇ ಪಾಡು. ಅನೇಕ ಅಡ್ಡ ಎಂಜಿನ್ನುಗಳಲ್ಲಿ ಅದು ಗೇರ್‌ಬಾಕ್ಸಿನ ಕಡೆಯಿಂದ ಬಿಗಿಯುವಂಥದ್ದು, ಉದ್ದಕ್ಕೆ ಕೂರಿಸಿದಾಗ ನೇರವಾಗಿ ಸುರಂಗದ ತಗಡಿಗೆ ತಾಗುತ್ತದೆ.

ಆಯಿಲ್ ಸಂಪ್

ಮುಂಚಕ್ರದ ಕಾರಿನ ಸಂಪ್ ಅದರ ಸುತ್ತಲಿನ ಡ್ರೈವ್‌ಶಾಫ್ಟ್ ಮತ್ತು ಸೈಲೆನ್ಸರ್ ಪೈಪಿಗೆ ಜಾಗ ಬಿಟ್ಟು ರೂಪುಗೊಂಡದ್ದು. ಎಂಜಿನ್ ತಿರುಗಿದಾಗ ಅದರ ಆಳದ ಭಾಗ ಹೊಸ ಕಾರಿನ ಕ್ರಾಸ್‌ಮೆಂಬರ್ ಅಥವಾ ಸ್ಟೀರಿಂಗ್ ರ್‍ಯಾಕ್ ಮೇಲೆ ಬಂದು ಕೂರುತ್ತದೆ. ಸಂಪ್ ಕತ್ತರಿಸಿ ಆಳವನ್ನು ಮುಂದಕ್ಕೋ ಹಿಂದಕ್ಕೋ ಸರಿಸುವುದು, ಆಯಿಲ್ ಹೀರುವ ಪಿಕಪ್ ಕೊಳವೆಯನ್ನು ಅದಕ್ಕೆ ತಕ್ಕಂತೆ ಉದ್ದ ಮಾಡುವುದು ಅನಿವಾರ್ಯ.

ಹೊರಗಿನ ಆಕಾರ ಸರಿಯಾದರೆ ಸಾಲದು, ಒಳಗಿನ ಆಯಿಲ್ ಓಡುವ ದಿಕ್ಕೂ ಬದಲಾಗಿರುತ್ತದೆ. ಅಡ್ಡ ಎಂಜಿನ್ನಿನಲ್ಲಿ ಬ್ರೇಕ್ ಒತ್ತಿದಾಗ ಆಯಿಲ್ ಸಂಪ್‌ನ ಅಗಲಕ್ಕೆ, ತಿರುವಿನಲ್ಲಿ ಉದ್ದಕ್ಕೆ ನುಗ್ಗುತ್ತದೆ. ಉದ್ದಕ್ಕೆ ಕೂತ ಮೇಲೆ ಬ್ರೇಕ್ ಒತ್ತಿದರೆ ಆಯಿಲ್ ಟೈಮಿಂಗ್ ಚೈನಿನ ತುದಿಗೆ ಓಡುತ್ತದೆ, ತಿರುವಿನಲ್ಲಿ ಪಕ್ಕದ ಗೋಡೆ ಹತ್ತುತ್ತದೆ. ಬ್ರೇಕಿನ ಬಲ ಗುರುತ್ವದಷ್ಟೇ ಆದಾಗ ಆಯಿಲ್ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಪಿಕಪ್ ಕೊಳವೆಯ ಬಾಯಿ ಹಿಂದಿದ್ದರೆ ಆಯಿಲ್ ಬದಲು ಗಾಳಿ ಹೀರುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಇದು ಇಮ್ಮಡಿ ಅಪಾಯ, ಕ್ರ್ಯಾಂಕಿನ ಬೇರಿಂಗುಗಳ ಜೊತೆಗೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ಬೇರಿಂಗೂ ಅದೇ ಆಯಿಲನ್ನು ನಂಬಿದೆ. ಪಿಕಪ್ ಬಾಯಿಯ ಸುತ್ತ ಅಡ್ಡಗೋಡೆಗಳನ್ನು ಕಟ್ಟಿ, ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳನ್ನಿಟ್ಟು ಆಯಿಲನ್ನು ಅಲ್ಲೇ ಹಿಡಿದಿಡಬೇಕು. ರೇಸಿಗೆ ಮಾತ್ರ ಬಳಸುವ ಕಾರಾದರೆ ಬೇರೆ ತೊಟ್ಟಿಯಿಂದ ಆಯಿಲ್ ಪೂರೈಸುವ ಡ್ರೈ ಸಂಪ್ ಉತ್ತಮ. ಎಂಜಿನ್ ಕೆಳಗೆ ಕೂರಲು ಅದು ಜಾಗವನ್ನೂ ಉಳಿಸುತ್ತದೆ.

ಟರ್ಬೊ ಯಾವ ಬದಿಗೆ ಬರುತ್ತದೆ

ಅಡ್ಡ ಎಂಜಿನ್ನಿನ ಎಕ್ಸಾಸ್ಟ್ ಒಂದೋ ರೇಡಿಯೇಟರಿನ ಕಡೆಗೆ, ಇಲ್ಲವೇ ಚಾಲಕನ ಮುಂದಿನ ಫೈರ್‌ವಾಲ್ ಕಡೆಗೆ ಇರುತ್ತದೆ. ತಿರುಗಿಸಿದಾಗ ಅದು ಯಾವ ಪಕ್ಕಕ್ಕೆ ಬರುತ್ತದೆ ಎಂಬುದನ್ನು ಕಾಗದದ ಮೇಲೆಯೇ ತಿಳಿಯಬಹುದು. ಗೇರ್‌ಬಾಕ್ಸ್ ಮೂಲದಲ್ಲಿ ಕಾರಿನ ಎಡಕ್ಕಿದ್ದರೆ, ಆ ತುದಿ ಹಿಂದಕ್ಕೆ ಬರುವಂತೆ ತಿರುಗಿಸಿದಾಗ ಫೈರ್‌ವಾಲ್ ಕಡೆಯ ಎಕ್ಸಾಸ್ಟ್ ಬಲಕ್ಕೆ, ರೇಡಿಯೇಟರ್ ಕಡೆಯ ಎಕ್ಸಾಸ್ಟ್ ಎಡಕ್ಕೆ ಬರುತ್ತದೆ. ಗೇರ್‌ಬಾಕ್ಸ್ ಬಲಕ್ಕಿದ್ದರೆ ಇದು ತಿರುವುಮುರುವಾಗುತ್ತದೆ. ಭಾರತ, ಬ್ರಿಟನ್, ಜಪಾನ್‌ಗಳಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ, ಟರ್ಬೊ ಬಲಕ್ಕೆ ಬಂದರೆ ಸ್ಟೀರಿಂಗ್ ಶಾಫ್ಟ್, ಬ್ರೇಕಿನ ಮಾಸ್ಟರ್ ಸಿಲಿಂಡರ್, ಟರ್ಬೊ ಮೂರೂ ಒಂದೇ ಮೂಲೆಗೆ ಬೀಳುತ್ತವೆ. ಇವಲ್ಯೂಷನ್ ಸರಣಿಯಲ್ಲೇ ನಾಲ್ಕನೆಯ ಆವೃತ್ತಿಯಿಂದ ಎಂಜಿನ್ 180 ಡಿಗ್ರಿ ತಿರುಗಿತು. ಒಂದೇ ಹೆಸರಿನ ಎಂಜಿನ್ನಾದರೂ ಯಾವ ಆವೃತ್ತಿಯದು ಎಂದು ನೋಡದೆ ಈ ಲೆಕ್ಕ ಹಾಕಲಾಗದು.

ಮ್ಯಾನಿಫೋಲ್ಡನ್ನು ಹೊಸದಾಗಿ ಬೆಸೆದು ಟರ್ಬೊವನ್ನು ಮುಂದಕ್ಕೋ ಮೇಲಕ್ಕೋ ಸರಿಸುವುದು ಸಾಮಾನ್ಯ ಪರಿಹಾರ. ಟರ್ಬೊದ ಎರಡೂ ಬದಿಯ ಹೌಸಿಂಗ್‌ಗಳನ್ನು ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಬಹುದು, ನಡುಭಾಗವನ್ನು ಮಾತ್ರ ಅಲ್ಲ. ಅಲ್ಲಿ ಆಯಿಲ್ ಮೇಲಿನಿಂದ ಬಂದು ನೊರೆಯಾಗಿ ಕೆಳಕ್ಕೆ, ತನ್ನ ಭಾರದಿಂದಲೇ ಇಳಿಯಬೇಕು. ಹಿಂತಿರುಗುವ ಕೊಳವೆ ದಪ್ಪಗಿರಬೇಕು, ಎಲ್ಲೂ ಮೇಲಕ್ಕೆ ಬಾಗಬಾರದು, ಸಂಪ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇದರಲ್ಲಿ ತಪ್ಪಿದರೆ ಆಯಿಲ್ ಟರ್ಬೊದ ಸೀಲುಗಳನ್ನು ದಾಟಿ ಹೊಗೆಯಾಗಿ ಹೊರಬರುತ್ತದೆ. ಹೊಸ ಟರ್ಬೊ ಹಾಕಿದರೂ ಹೊಗೆ ನಿಲ್ಲುವುದಿಲ್ಲ.

ನೀರಿನ ದಾರಿಯಲ್ಲೂ ಬದಲಾವಣೆ ಬೇಕು. ಅಡ್ಡ ಎಂಜಿನ್ನುಗಳ ಥರ್ಮೋಸ್ಟಾಟ್ ಅಥವಾ ನೀರಿನ ಹೊರದಾರಿ ಹಲವು ಬಾರಿ ಗೇರ್‌ಬಾಕ್ಸಿನ ತುದಿಯಲ್ಲಿರುತ್ತದೆ. ಉದ್ದಕ್ಕೆ ಕೂರಿಸಿದಾಗ ಅದು ಫೈರ್‌ವಾಲಿಗೆ ಒತ್ತುತ್ತದೆ. ತೆಳುವಾದ ಹೊಸ ಮುಚ್ಚಳ ಮಾಡಿ ಕೊಳವೆಯನ್ನು ಎಂಜಿನ್ನಿನ ಪಕ್ಕದಿಂದ ಮುಂದಕ್ಕೆ ತರಬೇಕು. ಎಂಜಿನ್ ಸ್ವಲ್ಪ ಹಿಂದಕ್ಕೆ ವಾಲಿ ಕೂತರೆ ನೀರಿನ ಅತಿ ಎತ್ತರದ ಜಾಗವೂ ಬದಲಾಗುತ್ತದೆ. ಗಾಳಿ ಬಿಡುವ ತಿರುಪು ಅಲ್ಲಿಗೆ ಬರಬೇಕು.

ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್

ಅಡ್ಡ ಯಂತ್ರದಲ್ಲಿ ಡಿಫರೆನ್ಷಿಯಲ್ ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಚಕ್ರದ ಪೂರ್ಣ ಟಾರ್ಕಿನ ಪ್ರತಿಬಲ ಎಂಜಿನ್ ಮೌಂಟಿಂಗ್‌ಗಳ ಮೇಲೆ ಬೀಳುತ್ತದೆ. 350 ನ್ಯೂಟನ್ ಮೀಟರ್ ಟಾರ್ಕ್, ಮೊದಲ ಗೇರ್ 3.5, ಕೊನೆಯ ಅನುಪಾತ 4 ಆದರೆ ಅದು 4,900 ನ್ಯೂಟನ್ ಮೀಟರ್. ಉದ್ದಕ್ಕೆ ಕೂತಾಗ ಮೌಂಟಿಂಗ್‌ಗಳು ತಡೆಯಬೇಕಾದದ್ದು ಗೇರ್‌ಬಾಕ್ಸಿನಿಂದ ಹೊರಬರುವ 1,225 ಮಾತ್ರ. ಉಳಿದ ಹೊರೆ ಹಿಂದಿನ ಡಿಫರೆನ್ಷಿಯಲ್ಲಿನ ಆಧಾರಗಳಿಗೆ ವರ್ಗವಾಗುತ್ತದೆ. ಆದ್ದರಿಂದ ಎಂಜಿನ್ನಿನ ಎರಡು ಪಕ್ಕದ ಮೌಂಟಿಂಗ್, ಗೇರ್‌ಬಾಕ್ಸಿನ ಕೆಳಗೊಂದು ಆಧಾರ ಸಾಕಾಗುತ್ತವೆ. ಹಿಂಬದಿಯನ್ನು ಗಟ್ಟಿ ಮಾಡುವುದನ್ನು ಮಾತ್ರ ಮರೆಯಬಾರದು. ಪಕ್ಕದ ಕೈಗಳನ್ನು ಬ್ಲಾಕಿನಲ್ಲಿ ಈಗಾಗಲೇ ಇರುವ ಗಟ್ಟಿ ತೂತುಗಳಿಗೇ ಬಿಗಿಯಬೇಕು, ತೆಳುವಾದ ಎರಕಕ್ಕೆ ಹೊಸ ತೂತು ಕೊರೆಯಬಾರದು.

ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಯೂನಿವರ್ಸಲ್ ಜಾಯಿಂಟ್‌ಗಳ ಕೋನ ಸಮನಾಗಿರಬೇಕು. ಗೇರ್‌ಬಾಕ್ಸಿನ ಗೆರೆಯೂ ಡಿಫರೆನ್ಷಿಯಲ್ಲಿನ ಗೆರೆಯೂ ಸಮಾನಾಂತರವಾಗಿದ್ದರೆ ಒಂದು ಜಾಯಿಂಟಿನ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ, ಇಲ್ಲದಿದ್ದರೆ ಹೆದ್ದಾರಿಯ ವೇಗದಲ್ಲಿ ನಡುಕ ತಪ್ಪದು. ಒಂದರಿಂದ ಮೂರು ಡಿಗ್ರಿಯ ಕೋನ ಒಳ್ಳೆಯದು; ಸೊನ್ನೆಯಾದರೆ ಒಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಕಡೆ ಸವೆಯುತ್ತವೆ. ಶಾಫ್ಟಿನ ಉದ್ದ ಇಮ್ಮಡಿಯಾದರೆ ಅದು ಬಳುಕತೊಡಗುವ ವೇಗ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಉದ್ದನೆಯ ಕಾರುಗಳಲ್ಲಿ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಬೇರಿಂಗ್ ಇಡುವುದು ಇದಕ್ಕಾಗಿ. ಹಳೆಯ ಹಗುರ ಕಾರಿನ ಮೂಲ ಆಕ್ಸಲ್ ಟರ್ಬೊದ ಟಾರ್ಕಿಗೆ ವಿರಳವಾಗಿ ಸಾಲುತ್ತದೆ. ಶಕ್ತಿ ಹೆಚ್ಚಿದಷ್ಟೂ ಬ್ರೇಕ್ ಮತ್ತು ಸಸ್ಪೆನ್ಷನ್ನುಗಳೂ ಬಲಗೊಳ್ಳಬೇಕು.

ಇಸಿಯು ಮತ್ತು ಸೆನ್ಸರ್‌ಗಳು

ಇಂದಿನ ಟರ್ಬೊ ಎಂಜಿನ್ ತನ್ನ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇಲ್ಲದೆ ಓಡದು. ಮೂಲ ಇಸಿಯು ಉಳಿಸಿಕೊಂಡರೆ ಸ್ಟಾರ್ಟಿಂಗ್, ನಾಕ್ ನಿಯಂತ್ರಣ, ಹೊಗೆಯ ಶುದ್ಧತೆ ಎಲ್ಲ ಕಾರ್ಖಾನೆಯ ಮಟ್ಟದಲ್ಲಿರುತ್ತವೆ, ಆದರೆ ಅದು ಕೀಲಿಯ ಇಮೊಬಿಲೈಸರ್, ಚಕ್ರದ ವೇಗ, ಗೇರ್‌ಬಾಕ್ಸಿನ ಸಂಕೇತ ಇವನ್ನೆಲ್ಲ ಕೇಳುತ್ತದೆ. ಸಾಬ್‌ನ ಟ್ರಯೋನಿಕ್ ವ್ಯವಸ್ಥೆ ಸ್ಪಾರ್ಕ್ ಪ್ಲಗ್ಗನ್ನೇ ಸೆನ್ಸರಾಗಿ ಬಳಸಿ ದಹನವನ್ನು ಅಳೆಯುತ್ತಿತ್ತು. ಇಂಥದನ್ನು ತೆಗೆದು ಸಾಮಾನ್ಯ ಇಸಿಯು ಹಾಕುವುದರಿಂದ ನಷ್ಟವೇ ಹೆಚ್ಚು. ಕ್ರ್ಯಾಂಕ್ ಸೆನ್ಸರ್ ಫ್ಲೈವೀಲಿನ ಹಲ್ಲುಗಳನ್ನು ಓದುವ ಎಂಜಿನ್ನಾದರೆ ಫ್ಲೈವೀಲ್ ಬದಲಿಸುವಾಗ ಆ ಹಲ್ಲುಗಳನ್ನು ಉಳಿಸಿಕೊಳ್ಳಬೇಕು. ಮುಂಚಕ್ರದ ಕಾರುಗಳಲ್ಲಿ ಚಕ್ರ ಜಾರದಿರಲೆಂದು ಕೆಳಗಿನ ಗೇರುಗಳಲ್ಲಿ ಟರ್ಬೊ ಒತ್ತಡವನ್ನು ತಗ್ಗಿಸಿರುವುದುಂಟು. ಹಿಂಚಕ್ರದಲ್ಲಿ ಆ ಮಿತಿಯನ್ನು ತೆಗೆಯುವ ಮುನ್ನ ಹೊಸ ಗೇರ್‌ಬಾಕ್ಸಿನ ತಾಳಿಕೆಯನ್ನು ನೋಡಬೇಕು.

ಕಾನೂನಿನ ಗಡಿ

ಭಾರತದ ರಸ್ತೆಯಲ್ಲಿ ಓಡುವ ವಾಹನಕ್ಕೆ ಇಂಥ ಪರಿವರ್ತನೆ ಸಲ್ಲದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿಯಿತು. ಇಲ್ಲಿ ಇದಕ್ಕೆ ತಕ್ಕ ಜಾಗ ಮುಚ್ಚಿದ ಟ್ರ್ಯಾಕುಗಳ ರೇಸಿಂಗ್ ಮಾತ್ರ. ಸ್ವೀಡನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಮತ್ತು ಮರುಕಟ್ಟಿದ ಕಾರುಗಳನ್ನು ಎಸ್‌ಎಫ್‌ಆರ್‌ಒ ಎಂಬ ವಾಹನ ನಿರ್ಮಾಪಕರ ಸಂಘಟನೆ ತಪಾಸಣೆ ಮಾಡುತ್ತದೆ. ಅಲ್ಲಿ ಈ ಕಸುಬು ಬೆಳೆಯಲು ಇಂಥ ವ್ಯವಸ್ಥೆ ನೆರವಾಗಿದೆ.

ಯಾವಾಗ ಮಾಡಬೇಕು, ಹೇಗೆ ಮಾಡಬೇಕು

2022ರಲ್ಲಿ ಟೊಯೊಟಾ ತನ್ನ ಜಿಆರ್86 ಕಾರನ್ನು ಜಪಾನಿನ ಸೂಪರ್ ತೈಕ್ಯು ಸರಣಿಯ ರೇಸಿಗೆ ಸಿದ್ಧಪಡಿಸಿದ ರೀತಿ ಈ ಇಡೀ ವಿಷಯಕ್ಕೆ ಮಾದರಿಯಾಗಬಲ್ಲದು. ಜಿಆರ್ ಯಾರಿಸ್‌ನಲ್ಲಿ ಅಡ್ಡಲಾಗಿ ಕೂರುವ ಮೂರು ಸಿಲಿಂಡರ್ ಟರ್ಬೊ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಹಿಂಚಕ್ರ ನಡೆಸುವಂತೆ ಮಾಡಲಾಯಿತು. ಟರ್ಬೊ ಎಂಜಿನ್ನಿನ ಗಾತ್ರವನ್ನು 1.7ರಿಂದ ಗುಣಿಸುವ ರೇಸ್ ನಿಯಮಕ್ಕೆ ಹೊಂದಲು 1.6 ಲೀಟರನ್ನು 1.4ಕ್ಕೆ ಇಳಿಸಲಾಯಿತು, ಗುಣಲಬ್ಧ 2.38, ಮೂಲ ಕಾರಿನ 2.4 ಲೀಟರ್ ಎಂಜಿನ್ನಿಗೆ ಹೆಚ್ಚುಕಡಿಮೆ ಸಮ. ಉದ್ದೇಶ, ನಿಯಮ, ಗಾತ್ರ ಮೊದಲು ನಿಶ್ಚಯವಾಗಿ ಕಬ್ಬಿಣದ ಕೆಲಸ ಆಮೇಲೆ ಬಂತು.

ಹವ್ಯಾಸಿಗಳಿಗೂ ಅದೇ ಕ್ರಮ ಹಿತ. ಕಾರಿನ ಬಳಕೆ ಮತ್ತು ಬೇಕಾದ ಟಾರ್ಕ್ ಮೊದಲು ನಿಶ್ಚಯಿಸಬೇಕು. ಅದಕ್ಕೆ ತಕ್ಕ ಗೇರ್‌ಬಾಕ್ಸ್ ಮತ್ತು ಆಕ್ಸಲ್ ಆರಿಸಬೇಕು. ಹಿಂಚಕ್ರದ ಅವಳಿ ಇರುವ ಎಂಜಿನ್ನಿಗೆ ಆದ್ಯತೆ ಕೊಡಬೇಕು. ತಿರುಗುವ ದಿಕ್ಕು, ಟರ್ಬೊದ ಬದಿ, ಸಂಪ್‌ನ ಆಳ ಇವನ್ನು ಕಾಗದದ ಮೇಲೆ ಪರೀಕ್ಷಿಸಿ, ಎಂಜಿನ್ನಿನ ಖಾಲಿ ಬ್ಲಾಕನ್ನು ಕಾರಿನೊಳಗೆ ತೂಗಿ ನೋಡಿ, ಆಮೇಲೆ ಬೆಲ್‌ಹೌಸಿಂಗ್, ಮೌಂಟಿಂಗ್, ಸಂಪ್, ಮ್ಯಾನಿಫೋಲ್ಡ್, ಶಾಫ್ಟ್, ವೈರಿಂಗ್ ಎಂಬ ಅನುಕ್ರಮದಲ್ಲಿ ಮುಂದುವರಿಯಬೇಕು. ಬೆಲ್‌ಹೌಸಿಂಗ್ ನಿಂತ ಜಾಗದಿಂದ ಮೌಂಟಿಂಗ್, ಮೌಂಟಿಂಗ್ ನಿಂತ ಎತ್ತರದಿಂದ ಸಂಪ್, ಇವೆರಡರಿಂದ ಟರ್ಬೊ ಮತ್ತು ಶಾಫ್ಟಿನ ಕೋನ ತೀರ್ಮಾನವಾಗುವುದರಿಂದ ಈ ಅನುಕ್ರಮ ಬದಲಿಸಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ. ಅವಳಿ ಇಲ್ಲದ ಎಂಜಿನ್, ವಿರುದ್ಧ ದಿಕ್ಕಿನ ತಿರುಗಾಟ, ಸ್ಟೀರಿಂಗ್ ಬದಿಯ ಟರ್ಬೊ ಈ ಮೂರೂ ಒಟ್ಟಿಗೆ ಬಂದರೆ ಆ ಎಂಜಿನ್ನನ್ನು ಬಿಟ್ಟು ಬೇರೆಯದನ್ನು ಆರಿಸುವುದೇ ಲೇಸು. ಇಲ್ಲವೇ ಅದನ್ನು ತಿರುಗಿಸದೆ, ಗೇರ್‌ಬಾಕ್ಸ್ ಸಮೇತ ಸೀಟಿನ ಹಿಂದಕ್ಕೆ ಸಾಗಿಸುವ ದಾರಿ ಹಿಡಿಯಬೇಕು.